ಅಳುವಿನ ಮಹಜರು

ಮಕ್ಕಳು ಕಣ್ಣು ಮುಚ್ಚುವ ಹೊತ್ತಿಗೇ ಅಧಿಕಾರಿಗಳಿಗೆ ಬಾಗಿಲು ಬಡಿಯುವ ಚಪಲ. ಇವತ್ತೂ ನನ್ನ ಶಿಶುವಿಹಾರದಲ್ಲಿ ಮಲಗಿದ್ದವೆಲ್ಲ ಎದ್ದು ಕೂತವು.

"ಇಲ್ಲಿ ಮಕ್ಕಳು ಅಳುತ್ತವೆ ಅಂತ ದೂರು ಬಂದಿದೆ. ಪರವಾನಗಿ ರದ್ದಾಗುತ್ತೆ. ತಪ್ಪೊಪ್ಪಿ ಸಹಿ ಹಾಕಮ್ಮ," ಎಂದರು ತನಿಖೆಗೆ ಬಂದ ಕರಿಬಸಪ್ಪ ಸಾಹೇಬರು. ಮಕ್ಕಳು ಅಳದೆ ಭಾಷಣ ಮಾಡಬೇಕಿತ್ತೇನೋ!

ವಕೀಲೆ ಶಾರ್ವರಿಗೆ ಫೋನ್ ಮಾಡಿದೆ. "ಸಹಿ ಹಾಕಬೇಡ. ಅಲ್ಲಿ ನಡೆದದ್ದನ್ನೆಲ್ಲ ಸಾಕ್ಷಿ ಸಮೇತ ಮಹಜರಿನಲ್ಲಿ ಬರೆಸು," ಅಂದಳು.

"ಸಾರ್, ಪೆನ್ನು ಹುಡುಕುತ್ತೇನೆ. ಅಲ್ಲಿಯವರೆಗೆ ಇವಳನ್ನು ಹಿಡಿದುಕೊಳ್ಳಿ," ಎಂದು ನನ್ನ ಹಸುಗೂಸನ್ನು ಅವರ ಕೈಗಿತ್ತೆ. ಆ ಮೀಸೆ ಕಂಡದ್ದೇ ತಡ, ಅವಳು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಉಳಿದವೂ ದನಿಗೂಡಿಸಿದವು. ಪಕ್ಕದ ಮನೆಯವರು ಓಡಿಬಂದರು.

"ಸಾಕ್ಷಿಗಳೂ ಬಂದರು. ಮಹಜರಿನಲ್ಲಿ ಬರೆಯಿರಿ ಸಾರ್, ಸಾಹೇಬರು ಎತ್ತಿಕೊಂಡಾಗ ಮಗು ಅತ್ತಿತು ಅಂತ. ಈಗ ನಿಮ್ಮ ಕೆಲಸ ರದ್ದು ಮಾಡುವವರು ಯಾರು?" ಅಂದೆ.

ಸಾಹೇಬರ ಅಂಗಿ ಒದ್ದೆಯಾಗಿತ್ತು. ಬೆವರಿನಿಂದ ಮಾತ್ರವಲ್ಲ. ಮಗುವನ್ನು ನನಗೊಪ್ಪಿಸಿ, ದೂರನ್ನು ಮಡಚಿಕೊಂಡು, ಅಳುಮುಖದಲ್ಲಿ ಹೊರಟೇಹೋದರು.

ಪುಟ್ಟ ಇಂಚರ ನನ್ನ ಸೆರಗೆಳೆದು ಕೇಳಿದಳು:

"ಅಕ್ಕಾ, ಆ ಮಾಮನಿಗೂ ಅಳು ಬಂದಿತ್ತಲ್ಲ, ಅವರನ್ನ ಯಾಕೆ ಯಾರೂ ಎತ್ಕೊಳ್ಳಲಿಲ್ಲ?"