ಗುಲಾಬಿ ಮುಚ್ಚಳ ತೊಟ್ಟ ಏಡಿ

1998ರ ಮೇ 17ರಂದು, ಮಲ್ಪೆಯ ಕಡಲತೀರದಿಂದ ಮರಳಿ ಬಂದು ನನ್ನ ಡೈರಿಯಲ್ಲಿ ಬರೆದಿಟ್ಟ ಕಥೆ ಇದು.

ಖಾಲಿ ಶಂಖಗಳೊಳಗೆ ಮೆತ್ತನೆಯ ಹಿಂಭಾಗವನ್ನು ಅಡಗಿಸಿಕೊಂಡು ಬಾಳುವ ಏಡಿಗಳಲ್ಲಿ ಒಬ್ಬಳು, ತನ್ನ ಬೂದು ಶಂಖವನ್ನು ಬಿಸಾಕಿ ಶಾಂಪೂ ಬಾಟಲಿಯ ಗುಲಾಬಿ ಮುಚ್ಚಳ ತೊಟ್ಟು ಬಂದಳು.

"ನೋಡಿ ಅಕ್ಕಂದಿರೇ, ದಿನಾ ತೊಡಲಿಕ್ಕೆ ಹಗುರ, ಮೇಲಾಗಿ ಬಿಟ್ಟಿ! ಬಂಡೆಯ ಹಿಂದೆ ಇನ್ನೂ ರಾಶಿ ಉಂಟು," ಎಂದು ಕಂಡಕಂಡವರಿಗೆಲ್ಲ ಸಾರಿದಳು.

"ಹಿಂದೆ ಅರ್ಧ ಹೊರಗೇ ಉಂಟಲ್ಲ, ಮಾರಾಯ್ತಿ?" ಎಂದಳು ಮುದಿ ಏಡಿ.

"ಹಿಂದೆ ಯಾರು ನೋಡ್ತಾರೆ, ದೊಡ್ಡಮ್ಮ? ಎದುರಿನಿಂದ ಹೇಗೆ ಕಾಣ್ತೇನೆ, ಅದು ಹೇಳಿ."

ಬೂದು ಮರಳಿನ ಮೇಲೆ ಆ ಗುಲಾಬಿ ಬಣ್ಣ ಕಾಗೆಯ ಕಣ್ಣಿಗೂ ಬಿತ್ತು. ಅದು ಇಳಿದು ಬಂದು, "ಎಷ್ಟು ಚೆಂದ, ತಂಗಿ! ಒಂದು ಸುತ್ತು ತಿರುಗು, ಹಿಂದಿನಿಂದಲೂ ನೋಡೋಣ," ಎಂದಿತು. ಹೊಗಳಿಕೆಗೆ ಉಬ್ಬಿದ ಏಡಿ ತಿರುಗಿಯೇಬಿಟ್ಟಳು. ಕಾಗೆ ಕುಕ್ಕಿತು.

ಮುಚ್ಚಳವನ್ನು ಕಾಗೆಯ ಕೊಕ್ಕಿನಲ್ಲೇ ಬಿಟ್ಟು ಅವಳು ತನ್ನ ಹಳೆಯ ಶಂಖದತ್ತ ಓಡಿದಳು. ಅದರೊಳಗಿಂದ ಮುದಿ ಏಡಿ ಇಣುಕಿದಳು.

"ಇದು ನನ್ನದು, ದೊಡ್ಡಮ್ಮ!"

"ಬಿಸಾಕಿದ್ದು ಕಂಡೆ, ಮಗಾ. ಗಟ್ಟಿ ಉಂಟು, ಮೈತುಂಬ ಹಿಡಿಸ್ತದೆ, ಮೇಲಾಗಿ ಬಿಟ್ಟಿ."

ಗುಲಾಬಿ ಮುಚ್ಚಳಕ್ಕೆ ಕೊನೆಗೆ ತಗುಲಿದ ಖರ್ಚು: ಹಿಂಗಾಲು ಒಂದು, ಮನೆ ಒಂದು.