ಬೆಟ್ಟ ಇಳಿದ ಬೆರಳುಗಳು

ಜಯಶೀಲ ಆ ಬೆಟ್ಟವನ್ನು ಎರಡು ಸಲ ಸೈಕಲ್ಲಿನಲ್ಲಿ ಹತ್ತಿದ್ದ. ಎರಡು ಸಲವೂ ಜೀಪಿನಲ್ಲಿ ಇಳಿದಿದ್ದ.

ಮೊದಲ ಸಲ ಇಳಿಯುವಾಗ ಚಳಿಗೆ ಬೆರಳು ಮರಗಟ್ಟಿ, ಬ್ರೇಕು ಒತ್ತಲಾಗದೆ, ಒಂಬತ್ತನೆಯ ತಿರುವಿನಲ್ಲಿ ಚರಂಡಿಗೆ ಬಿದ್ದ. ಹೆಗಲ ಮೂಳೆ ಮುರಿಯಿತು. ಮರುವರ್ಷದ ಹೊತ್ತಿಗೆ ಮೂಳೆ ಕೂಡಿತ್ತು. ಆದರೆ ಅದೇ ತಿರುವು ಕಂಡೊಡನೆ ಕಾಲು ತಾನಾಗಿ ನೆಲಕ್ಕಿಳಿಯಿತು, ಮತ್ತೆ ಪೆಡಲಿಗೆ ಏರಲಿಲ್ಲ.

ಮೂರನೆಯ ಚಳಿಗಾಲ ಶುರುವಾದಾಗ ಅವನು ಹೊಳೆದಂಡೆಗೆ, ಸಿದ್ದಮಲ್ಲಯ್ಯನವರ ಗುಡಿಸಲಿಗೆ ಬಂದ.

ಸಿದ್ದಮಲ್ಲಯ್ಯನವರು ಮೂವತ್ತೊಂದು ವರ್ಷ ಸೈಕಲ್ಲಿನಲ್ಲಿ ಅಂಚೆ ಹಂಚಿದವರು. ಅದೇ ಬೆಟ್ಟ ಹತ್ತಿ, ಆಚೆಗೆ ಇಳಿದು, ಅಲ್ಲಿನ ಹಾಡಿಗಳಿಗೆ ಕಾಗದ ಮುಟ್ಟಿಸಿದವರು. ಈಗ ಹೊಳೆದಂಡೆಯಲ್ಲಿ ಪಂಕ್ಚರು ಹಾಕುತ್ತ, ಚಕ್ರದ ಸೊಟ್ಟ ತೆಗೆಯುತ್ತ ಇದ್ದರು. ಭಾನುವಾರ ಖುಷಿಗೆಂದು ಸೈಕಲ್ ಹೊಡೆಯುವ ಊರಿನ ಹತ್ತು ಹನ್ನೆರಡು ಮಂದಿ ಅವರನ್ನು ಅಯ್ಯ ಎನ್ನುತ್ತಿದ್ದರು.

"ಅಯ್ಯ, ನನಗೆ ಇಳಿಯೋದು ಕಲಿಸಿ" ಎಂದ ಜಯಶೀಲ.

"ಹತ್ತೋದು ಬರುತ್ತಾ?"

"ಬರುತ್ತೆ."

"ಹಂಗಾದ್ರೆ ಇಳಿಯೋದು ಏನು ಕಷ್ಟ? ಬೆಟ್ಟವೇ ಇಳಿಸುತ್ತಲ್ಲ."

"ಎರಡು ಸಲ ಜೀಪು ಇಳಿಸಿತು. ಈ ಸಲ ನಾನೇ ಇಳೀಬೇಕು. ಆಗದಿದ್ರೆ ಸೈಕಲ್ಲನ್ನ ಅಟ್ಟಕ್ಕೆ ಹಾಕಿಬಿಡ್ತೀನಿ."

ಅವನ ಹ್ಯಾಂಡಲ್ಲಿಗೆ ಕಟ್ಟಿದ್ದ ಎರಡು ನೇರಳೆ ರಿಬ್ಬನ್ನುಗಳನ್ನು ಅಯ್ಯ ನೋಡಿದರು.

ಅದು ಭಾನುವಾರದ ತಂಡದ ಕಟ್ಟಳೆ. ಪ್ರತಿ ಡಿಸೆಂಬರಿನಲ್ಲಿ ಒಮ್ಮೆ ಬೆಟ್ಟ ಹತ್ತಬೇಕು. ಮೇಲಿನ ಕಮಾನಿನಿಂದ ಕೆಳಗಿನ ಚೆಕ್‌ಪೋಸ್ಟಿನವರೆಗೆ ನೆಲಕ್ಕೆ ಕಾಲೂರದೆ ಇಳಿಯಬೇಕು. ಕಾಲೂರಿದವರ, ಬಿದ್ದವರ ಹ್ಯಾಂಡಲ್ಲಿಗೆ ರಿಬ್ಬನ್ನು. ಕಾಲೂರದೆ ಇಳಿದ ದಿನವೇ ಅದನ್ನು ಬಿಚ್ಚುವುದು. ಇಡೀ ತಂಡದಲ್ಲಿ ಎರಡು ರಿಬ್ಬನ್ನು ಇದ್ದದ್ದು ಜಯಶೀಲನೊಬ್ಬನಿಗೆ. ಅವನು ಗಣಿತ ಹೇಳುವ ಹೈಸ್ಕೂಲಿನ ಮಕ್ಕಳಿಗೂ ಅದರ ಅರ್ಥ ಗೊತ್ತಿತ್ತು.

ಅವನು ಚೀಲ ಬಿಚ್ಚಿ ಚಾಪೆಯ ಮೇಲೆ ಹರವಿದ. ಎರಡು ಜೊತೆ ಗ್ಲೌಸು, ಉಣ್ಣೆಯ ಒಳ ಅಂಗಿ, ಗಾಳಿ ನುಗ್ಗದ ಜಾಕೆಟ್ಟು, ಮಂಗನ ಟೋಪಿ, ಮೊಣಕಾಲುದ್ದದ ಸಾಕ್ಸು.

"ಎಲ್ಲ ತಂದಿದೀನಿ, ಅಯ್ಯ."

"ಅಂಗಡಿ ಚೆನ್ನಾಗಿದೆ" ಎಂದರು ಅಯ್ಯ.

ಅವರ ಮೈಮೇಲೆ ಇದ್ದದ್ದು ಒಂದು ಹಳೆಯ ಖಾಕಿ ಅಂಗಿ. ಮೇಲಿನ ಎರಡು ಗುಂಡಿ ಕಿತ್ತುಹೋಗಿದ್ದವು. ಹೊಳೆಯ ಗಾಳಿ ಎದೆಗೆ ನೇರವಾಗಿ ಬಡಿಯುತ್ತಿತ್ತು.

"ನಿಮಗೆ ಚಳಿ ಆಗೋದಿಲ್ವಾ, ಅಯ್ಯ?"

ಅಯ್ಯ ಬಾಗಿಲ ಚೌಕಟ್ಟಿಗೆ ಚುಚ್ಚಿದ್ದ ಸೂಜಿಯನ್ನು ಕಿತ್ತು, ಒಂದು ಮೊಳ ಬಿಳಿ ದಾರದ ಜೊತೆ ಅವನ ಅಂಗೈಯಲ್ಲಿಟ್ಟರು.

"ದಿನಾ ಬೆಳಗ್ಗೆ ಹಳೇ ಸೇತುವೆವರೆಗೆ ಹೋಗಿ ಬಾ. ಬಂದವನು ಗ್ಲೌಸು ಬಿಚ್ಚಿ ಇದಕ್ಕೆ ದಾರ ಪೋಣಿಸು. ಪೋಣಿಸಿದ ದಿನ ಬೆಟ್ಟಕ್ಕೆ ಹೋಗೋಣ."

ಸೂರ್ಯ ಹುಟ್ಟುವ ಮೊದಲು ಹೊಳೆಯ ಮೇಲೆ ಮಂಜು ಹಬ್ಬಿರುತ್ತಿತ್ತು. ಸೇತುವೆಗೆ ಎಂಟು ಮೈಲಿ. ಜಯಶೀಲ ಇದ್ದದ್ದನ್ನೆಲ್ಲ ತೊಟ್ಟು ಹೋಗಿ ಬಂದ. ಗ್ಲೌಸು ಬಿಚ್ಚಿದ. ದಾರ ಸೂಜಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಸೂಜಿ ಕೈಜಾರಿ ಮಣ್ಣಿಗೆ ಬಿತ್ತು.

"ಹುಡುಕು" ಎಂದರು ಅಯ್ಯ.

ಎರಡನೆಯ ದಿನವೂ ಹುಡುಕಿದ. ಹತ್ತನೆಯ ದಿನವೂ ಹುಡುಕಿದ.

ಭಾನುವಾರ ಚಹದಂಗಡಿಯ ಮುಂದೆ ತಂಡದವರಿಗೆಲ್ಲ ಅವನ ಕಷ್ಟ ಗೊತ್ತಾಯಿತು.

"ಗ್ಲೌಸಿನೊಳಗೆ ಗ್ಲೌಸು ಹಾಕಿ ಮೇಷ್ಟ್ರೇ" ಎಂದ ಬಟ್ಟೆ ಅಂಗಡಿಯ ಕುಬೇರ. ತಂಡದಲ್ಲಿ ಎಲ್ಲರಿಗಿಂತ ಬೇಗ ಇಳಿಯುವವನು ಅವನು. "ಒಳಗೆ ಉಣ್ಣೆ, ಹೊರಗೆ ಚರ್ಮ. ನಮ್ಮಲ್ಲೇ ಇದೆ."

"ಮೊದಲು ಪಾದ ಬೆಚ್ಚಗಿರಬೇಕು" ಎಂದರು ಹಲ್ಲಿನ ಡಾಕ್ಟರು ವನಮಾಲ. "ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಕವರು ಸುತ್ತಿ ಶೂ ಹಾಕಿ. ನಾನು ಹೋದ ವರ್ಷ ಹಾಗೇ ಮಾಡಿದ್ದು."

"ಅದಕ್ಕೇ ಡಾಕ್ಟ್ರಮ್ಮ ಬಂದ ಕೂಡಲೇ ತರಕಾರಿ ಮಾರ್ಕೆಟ್ಟಿನ ಸದ್ದು ಬರ್ತಿತ್ತು."

"ನೀವು ನಿಮ್ಮ ಸೀಟಿನ ಕಥೆ ಹೇಳಿ ಕುಬೇರಪ್ಪ. ಮೂರು ದಿನ ನಿಂತೇ ವ್ಯಾಪಾರ ಮಾಡಿದ್ರಂತೆ."

ಎಲ್ಲರೂ ನಕ್ಕರು. ಕುಬೇರನೂ ನಕ್ಕ. "ಸೀಟು ಎರಡು ಬೆರಳು ತಗ್ಗಿಸಿದೆ, ತೊಡೆಗೆ ಕೊಬ್ಬರಿ ಎಣ್ಣೆ ಸವರಿದೆ, ಸರಿಹೋಯ್ತು. ಈಗ ಸಿಂಹಾಸನ. ಮೇಷ್ಟ್ರೇ, ಒಂದು ಮಾತು. ಏನೇ ಆಗಲಿ ಕಾಲೂರಬೇಡಿ. ಇನ್ನೊಂದು ರಿಬ್ಬನ್ನು ಬಂದ್ರೆ ಮೂರಾಗುತ್ತೆ. ಜಡೆ ಹೆಣೀಬಹುದು!"

ಜಯಶೀಲನೂ ನಗಬೇಕಾಯಿತು.

ಅವನು ಗ್ಲೌಸಿನೊಳಗೆ ಗ್ಲೌಸು ಹಾಕಿದ. ಶೂವಿನೊಳಗೆ ಕವರು ಸುತ್ತಿದ. ಜಾಕೆಟ್ಟಿನ ಕೆಳಗೆ ಇನ್ನೊಂದು ಉಣ್ಣೆ ತೊಟ್ಟ. ಸೇತುವೆಯ ಕಡೆ ಹೋಗುವಾಗ ಮೈ ಒಲೆಯಂತೆ ಇರುತ್ತಿತ್ತು. ತಿರುಗಿ ಬರುವಾಗ ಎದುರುಗಾಳಿ. ಗುಡಿಸಲು ತಲುಪುವಷ್ಟರಲ್ಲಿ ಬೆರಳು ತನ್ನದಲ್ಲ.

ಇಪ್ಪತ್ತನೆಯ ದಿನ ಅವನು ಸೂಜಿಯನ್ನು ಚಾಪೆಯ ಮೇಲಿಟ್ಟುಬಿಟ್ಟ.

"ಅಯ್ಯ, ಬೆಟ್ಟ ಇಳಿಯೋದಕ್ಕೂ ಇದಕ್ಕೂ ಏನು ಸಂಬಂಧ? ನಾನೇನು ದರ್ಜಿ ಕೆಲಸಕ್ಕೆ ಬಂದಿಲ್ಲ."

ಅಯ್ಯ ಚಕ್ರ ತಿರುಗಿಸುವುದನ್ನು ನಿಲ್ಲಿಸಿದರು.

"ಒಂದು ವರ್ಷ ಹಿಂಗೇ ಚಳಿ. ಕಾಗದದ ಚೀಲ ಹೊತ್ಕೊಂಡು ಒಂದೇ ಉಸಿರಿಗೆ ಬೆಟ್ಟ ಇಳಿದೆ. ಕೆಳಗೆ ಒಬ್ಬ ತಾಯಿ ಕಾದಿದ್ದಳು. ಮಗ ಜೈಲಲ್ಲಿದ್ದ. ಅವನಿಗೆ ನಾಕು ಸಾಲು ಬರೆಸಬೇಕಾಗಿತ್ತು. ನನಗೆ ಪೆನ್ನು ಹಿಡಿಯೋಕೆ ಆಗಲಿಲ್ಲ. ಆಮೇಲೆ ಬರೀತೀನಮ್ಮ, ಕತ್ತಲಾಗೋದ್ರೊಳಗೆ ವಾಪಸ್ ಹೋಗಬೇಕು ಅಂದೆ."

"ಆಮೇಲೆ ಬರೆದ್ರಾ?"

"ಆ ಹಾಡಿಗೆ ಅಂಚೆ ವಾರಕ್ಕೊಂದು ಸಲ ಕಣಪ್ಪ."

"ಮುಂದಿನ ವಾರ?"

"ಆಕೆ ಇರಲಿಲ್ಲ."

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಜಯಶೀಲ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡ.

"ನಾಳೆ ಹೊರಡುವಾಗ ನಡುಗ್ತಾ ಹೊರಡು" ಎಂದರು ಅಯ್ಯ, ಅಷ್ಟೇ.

ಮರುದಿನ ಅವನು ಒಂದು ಉಣ್ಣೆಯನ್ನು ಬಿಟ್ಟು ಹೊರಟ. ಮೊದಲ ಮೈಲಿ ಹಲ್ಲು ಕಟಕಟ ಎಂದವು. ಎರಡನೆಯದರಲ್ಲಿ ನಿಂತವು. ಹಿಂತಿರುಗಿ ಬಂದಾಗ ಹದಿನಾರನೆಯ ಪ್ರಯತ್ನಕ್ಕೆ ದಾರ ಸೂಜಿಯೊಳಗೆ ಹೋಯಿತು.

"ಹೋಯ್ತು ಅಯ್ಯ!"

"ನಿಧಾನವಾಗಿ ಹೋಯ್ತು" ಎಂದರು ಅಯ್ಯ. "ಆದ್ರೂ ಮಾತು ಮಾತೇ. ಭಾನುವಾರ ಬೆಟ್ಟಕ್ಕೆ ಹೋಗೋಣ."

ಭಾನುವಾರ ಬೆಟ್ಟದ ಬುಡದಲ್ಲಿ ಎಲ್ಲರ ಬಾಯಿಂದಲೂ ಹೊಗೆಯಂತೆ ಉಸಿರು ಬರುತ್ತಿತ್ತು. ಅಯ್ಯ ಒಂದು ಗಂಟೆ ಮೊದಲೇ ತಮ್ಮ ಹಳೆಯ ಸೈಕಲ್ಲನ್ನು ಅರ್ಧ ತುಳಿಯುತ್ತ, ಅರ್ಧ ತಳ್ಳುತ್ತ ಹೋಗಿದ್ದರು. ಸುತ್ತ ಎಲ್ಲರೂ ಕತ್ತಿನವರೆಗೆ ಜಾಕೆಟ್ಟು ಎಳೆದುಕೊಂಡಿದ್ದರು. ನಡುಗುತ್ತ ಹೊರಡು ಎಂದಿದ್ದರು ಅಯ್ಯ. ಆದರೆ ಇದು ಸೇತುವೆಯಲ್ಲ, ಬೆಟ್ಟ. ಇವತ್ತು ಒಂದು ದಿನ ಜೋಪಾನವಾಗಿರೋಣ ಎಂದು ಜಯಶೀಲ ಬಿಟ್ಟಿದ್ದ ಉಣ್ಣೆಯನ್ನು ಮತ್ತೆ ಒಳಗೆ ತೊಟ್ಟ.

ಇಪ್ಪತ್ತೊಂದು ತಿರುವು. ಅವನು ಒಂದನ್ನೂ ಬಿಡದೆ ತುಳಿದ.

ಕಮಾನಿನ ಬಳಿ ಅಯ್ಯ ಕಲ್ಲಿನ ಮೇಲೆ ಕೂತಿದ್ದರು.

"ಹತ್ತಿದೆ" ಎಂದ ಜಯಶೀಲ.

"ಒಳಗಿನದ್ದು ಬಿಚ್ಚು."

ಅವನು ತಲೆ ತಗ್ಗಿಸಿ ಜಾಕೆಟ್ಟು ತೆಗೆದು, ಉಣ್ಣೆ ತೆಗೆದು, ಬನಿಯನ್ನು ತೆಗೆದು ಕೊಟ್ಟ. ಅಯ್ಯ ಬನಿಯನ್ನನ್ನು ಹಿಂಡಿದರು. ಬಂಡೆಯ ಮೇಲೆ ಬೆವರಿನ ನೀರು ಹರಿಯಿತು.

"ಹೊಳೆ ಎಲ್ಲಿದೆ?"

"ಕೆಳಗೆ, ಅಯ್ಯ."

"ಮತ್ತೆ ಈ ನೀರನ್ನ ಇಲ್ಲೀವರೆಗೆ ಹೊತ್ತು ತಂದವರು ಯಾರು?"

ಗಾಳಿ ಬೀಸಿತು. ಬೆನ್ನಿನಿಂದ ಹೊಟ್ಟೆಗೆ ಚಳಿ ನುಗ್ಗಿತು. ಬೆರಳಿಗಿಂತ ಮೊದಲು ಎದೆ ತಣ್ಣಗಾಗುವುದು ಅವನಿಗೆ ಅವತ್ತು ತಿಳಿಯಿತು.

"ನಾನೇ" ಎಂದ.

ಅಯ್ಯ ತಮ್ಮ ಅಂಚೆ ಚೀಲದಿಂದ ಒಂದು ಒಣ ಬನಿಯನ್ನು ತೆಗೆದು ಕೊಟ್ಟರು. ಅವನು ಅದನ್ನು ತೊಟ್ಟ ಮೇಲೆ ಹಿಂದಿನ ದಿನದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಎದೆಯ ಮೇಲಿಟ್ಟು, ತಾವೇ ಜಾಕೆಟ್ಟಿನ ಜಿಪ್ಪು ಎಳೆದರು.

"ಸುದ್ದಿ ಹಳೇದು. ಗಾಳಿಗೆ ಗೊತ್ತಾಗೋದಿಲ್ಲ. ನಡಿ."

ಕುಬೇರ ಶಿಳ್ಳೆ ಹೊಡೆದ. ಒಬ್ಬರ ಹಿಂದೊಬ್ಬರು ಇಳಿದರು. ಅಯ್ಯ ನಡುವೆ ಎಲ್ಲೋ ಸೇರಿಕೊಂಡರು. ಜಯಶೀಲ ಕೊನೆಯಲ್ಲಿದ್ದ.

ಇಳಿಯುವಾಗ ತಿರುವಿನ ಎಣಿಕೆ ಮೇಲಿನಿಂದ ಶುರು. ಮೂರನೆಯ ತಿರುವಿನಲ್ಲಿ ಅಯ್ಯ ಮೈಲಿಗಲ್ಲಿನ ಪಕ್ಕ ಸೈಕಲ್ಲು ಒರಗಿಸಿ, ಎರಡೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಕಾವಿಗೆ ಕೂತ ಕೋಳಿಯ ಹಾಗೆ.

"ಏನಾಯ್ತು ಅಯ್ಯ?"

ಅಯ್ಯ ಕಣ್ಣು ತೆರೆಯಲಿಲ್ಲ.

ಜಯಶೀಲ ಮುಂದೆ ಸಾಗಿದ. ಎದೆ ಬೆಚ್ಚಗಿತ್ತು. ಆದರೆ ಗಾಳಿ ಹ್ಯಾಂಡಲ್ಲಿನ ಮೇಲಿನ ಕೈಗಳನ್ನು ಬಿಡಲಿಲ್ಲ. ಆರನೆಯ ತಿರುವಿನಲ್ಲಿ ಬ್ರೇಕು ಒತ್ತಲು ಹೋದರೆ ಬೆರಳು ತಡವಾಗಿ ಮಾತು ಕೇಳಿತು. ಏಳರಲ್ಲಿ ಇನ್ನೂ ತಡವಾಗಿ. ಎಂಟನೆಯದಕ್ಕೆ ಬಂದಾಗ ಬಲಗೈಯ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು ನೋಡಿದ. ತಾಗಲಿಲ್ಲ.

ಮುಂದೆ ಒಂಬತ್ತು.

ಹ್ಯಾಂಡಲ್ಲಿನಲ್ಲಿ ಎರಡೂ ರಿಬ್ಬನ್ನು ಪಟಪಟ ಹೊಡೆದುಕೊಳ್ಳುತ್ತಿದ್ದವು. ಕೆಳಗಿನ ರಸ್ತೆಯಿಂದ ವನಮಾಲ ಕೂಗಿದರು. "ಕಾಲೂರಬೇಡಿ ಮೇಷ್ಟ್ರೇ! ಈ ಒಂದು ತಿರುವು ಅಷ್ಟೇ!"

ಹಿಂದಿನ ವರ್ಷ ಇಲ್ಲಿ ಕಾಲೂರಿದ್ದು ಹೆದರಿಕೆಯಿಂದ. ಅದರ ಹಿಂದಿನ ವರ್ಷ ಕಾಲೂರದೆ ಇದ್ದದ್ದೂ ಹೆದರಿಕೆಯಿಂದಲೇ. ನಾಲ್ಕು ಜನ ನಗುತ್ತಾರೆಂಬ ಹೆದರಿಕೆ.

ಇನ್ನೂ ಬೆರಳಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಸೇರಿಸಿ ಅವನು ಬ್ರೇಕು ಒತ್ತಿದ. ಸೈಕಲ್ಲು ನಿಂತಿತು. ಅವನು ಎಡಗಾಲನ್ನು ತಂದು ನೆಲದ ಮೇಲಿಟ್ಟ. ಗ್ಲೌಸು ಬಿಚ್ಚಿದ. ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ನೋವು ಬಂತು. ನೋವಿನ ಹಿಂದೆಯೇ ಬೆರಳು ಬಂತು. ಹೆಬ್ಬೆರಳು ಕಿರುಬೆರಳಿಗೆ ತಾಗಿತು.

ಅಯ್ಯ ಪಕ್ಕದಲ್ಲೇ ಹಾದು ಹೋದರು.

ಒಂಬತ್ತನೆಯ ತಿರುವನ್ನು ಅವನು ಬೀದಿಯಲ್ಲಿ ತರಕಾರಿ ತರಲು ಹೋದವನಂತೆ ದಾಟಿದ. ಹದಿಮೂರರಲ್ಲಿ ನಿಂತ. ಹದಿನೆಂಟರಲ್ಲಿ ನಿಂತ. ಚೆಕ್‌ಪೋಸ್ಟು ತಲುಪಿದಾಗ ಉಳಿದವರು ಒಂದು ಸುತ್ತು ಚಹ ಮುಗಿಸಿ ಎರಡನೆಯದಕ್ಕೆ ಹೇಳಿದ್ದರು. ಅವನ ಹಿಂದೆ ಜೀಪು ಇರಲಿಲ್ಲ.

"ಬಂದರಪ್ಪ!" ಎಂದು ಕುಬೇರ ಎದ್ದ. "ಎಷ್ಟು ಸಲ ಮೇಷ್ಟ್ರೇ?"

"ಮೂರು ಸಲ ಕಾಲೂರಿದೆ."

"ರಿಬ್ಬನ್ನು ಒಂದೇ. ನಾವು ಧರ್ಮವಂತರು." ಅವನು ಜೇಬಿನಿಂದ ನೇರಳೆ ರಿಬ್ಬನ್ನು ಎಳೆದು ಹ್ಯಾಂಡಲ್ಲಿಗೆ ಸುತ್ತಿದ. ಗಂಟು ಹಾಕಲು ಹೋದ. ರಿಬ್ಬನ್ನು ಜಾರಿತು. ಮತ್ತೆ ಸುತ್ತಿದ. ಮತ್ತೆ ಜಾರಿತು. ಅವನ ಬೆರಳು ಸುಣ್ಣದಂತೆ ಬೆಳ್ಳಗಾಗಿದ್ದವು.

"ಡಾಕ್ಟ್ರಮ್ಮ, ಸ್ವಲ್ಪ ಕಟ್ಟಿ."

ವನಮಾಲ ಎರಡೂ ಅಂಗೈಯಲ್ಲಿ ಚಹದ ಲೋಟ ಹಿಡಿದಿದ್ದರು. ಲೋಟ ಬಿಡಲು ಅವರಿಗೂ ಆಗುತ್ತಿರಲಿಲ್ಲ.

"ಕೊಡಿ ಇಲ್ಲಿ" ಎಂದ ಜಯಶೀಲ.

ತನ್ನ ರಿಬ್ಬನ್ನನ್ನು ತಾನೇ ಗಂಟು ಹಾಕಿದ. ಆಮೇಲೆ ಮೂರನ್ನೂ ಜೋಡಿಸಿ, ಮಗಳಿಗೆ ಹೆಣೆಯುವಷ್ಟೇ ಅಚ್ಚುಕಟ್ಟಾಗಿ ಜಡೆ ಹೆಣೆದ. ಕುಬೇರ ನಗಲು ಬಾಯಿ ತೆರೆದವನು ಆ ಕೈಗಳನ್ನು ನೋಡುತ್ತ ಹಾಗೇ ನಿಂತ.

ಅಯ್ಯ ಆಚೆ ಬೆಂಚಿನ ಮೇಲೆ ಕೂತಿದ್ದರು. ಜಯಶೀಲ ಅವರ ಮುಂದೆ ಹೋಗಿ, ಟೋಪಿಯ ಅಂಚಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದ. ಜೇಬಿನಿಂದ ದಾರ ತೆಗೆದ. ಒಂದೇ ಸಲಕ್ಕೆ ಪೋಣಿಸಿದ.

"ಇಳಿದೆ, ಅಯ್ಯ."

ಅಯ್ಯ ಸೂಜಿಯನ್ನು ನೋಡಿದರು. ಖಾಕಿ ಅಂಗಿಯ ಜೇಬಿಗೆ ಕೈಹಾಕಿ ಎರಡು ಗುಂಡಿಗಳನ್ನು ತೆಗೆದು ಅವನ ಅಂಗೈಯಲ್ಲಿಟ್ಟರು.

"ಹಂಗಾದ್ರೆ ಇವನ್ನ ಹೊಲಿದು ಕೊಡು. ನನಗೂ ಚಳಿ ಆಗುತ್ತೆ ಕಣಪ್ಪ."