ಹತ್ತು ಚೊಂಬಿನ ಮಳೆ, ನಾಲ್ಕು ಚೊಂಬಿನ ಹೊಳೆ

"ಮತ್ತೆ ಕರೆದ್ರಾ? ಸುರಿದದ್ದು ಆರನೇ ಚೊಂಬೋ ಏಳನೇದೋ, ಇನ್ನು ಮೊದಲಿಂದ ಶುರು ಮಾಡಬೇಕು. ಈ ಆಶ್ರಮದಲ್ಲಿ ಒಂದು ಕೆಲಸ ಮುಗಿಸೋಕೆ ಯಾವತ್ತಾದರೂ ಬಿಟ್ಟಿದ್ದೀರಾ ನನ್ನ?"

ಮಂಚವ್ವ ಚೊಂಬನ್ನು ನೆಲಕ್ಕೆ ಕುಕ್ಕಿದಳು.

ಅವಳ ಗುರು ತೋಪಿನವ್ವ ಹೊಂಗೆಯ ನೆರಳಲ್ಲಿ ಕೂತಿದ್ದಳು. ಎಚ್ಚರವೋ ನಿದ್ದೆಯೋ ಹೇಳುವುದು ಕಷ್ಟ.

"ಹಗ್ಗದ ಮೇಲಿನ ಸೀರೆ ತೆಗಿ ಅಂತ ಕರೆದೆ."

"ಸೀರೆ ಎಲ್ಲಿಗೂ ಓಡಿಹೋಗಲ್ಲ. ಅಲ್ಲೊಬ್ಬ ಕಳ್ಳ ಓಡಿಹೋಗ್ತಾನೆ."

ಕಳ್ಳ ಅಂದದ್ದು ದೊಡ್ಡೀರಯ್ಯನನ್ನು. ಅವನು ಕೆರೆಯ ನೀರುಗಂಟಿ. ಹೊಳೆಯ ನೀರನ್ನು ಕೆರೆಗೆ ತಿರುಗಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು ಅವನ ಕೆಲಸ. ಅವನ ಅಜ್ಜ ಹಿಡಿದಿದ್ದ ಕೋಲನ್ನೇ ಅವನೂ ಹಿಡಿದು ಏರಿಯ ಮೇಲೆ ನಡೆಯುತ್ತಿದ್ದ.

ಈ ವರ್ಷ ಮಳೆ ಚೆನ್ನಾಗಿ ಬಂದರೂ ಕೆರೆ ಅರ್ಧಕ್ಕೇ ನಿಂತಿತು. ಊರವರು ಅವನ ಕೋಲನ್ನು ಕಿತ್ತು ತೂಬಿನ ಕಲ್ಲಿಗೆ ಒರಗಿಸಿದರು. ಹುಣ್ಣಿಮೆಯ ದಿನ ಏರಿಯ ಮೇಲೆ ಸಭೆ. ನೀರು ಕಳುವಾಗಿದೆಯೋ ಇಲ್ಲವೋ ಎಂದು ಮಂಚವ್ವ ಲೆಕ್ಕ ಮಾಡಿ ಹೇಳಬೇಕು. ಅವಳ ಮಾತೇ ಕೊನೆ.

ಅದಕ್ಕಾಗಿ ಅವಳು ಇಡೀ ಗುಡ್ಡವನ್ನು ಜೇಡಿಮಣ್ಣಿನಲ್ಲಿ ಮಾಡಿ ಜಗಲಿಯ ಮೇಲಿಟ್ಟಿದ್ದಳು. ನೆತ್ತಿ, ಇಳಿಜಾರು, ಹಳ್ಳ, ಹೊಳೆ, ಎಲ್ಲವೂ ಇದ್ದವು. ಒಂದು ತಿಂಗಳು ಗುಡ್ಡ ಹತ್ತಿಳಿದು ಅಳೆದು ಮಾಡಿದ್ದು. ಮೇಲೆ ಹತ್ತು ಚೊಂಬು ಸುರಿದರೆ ಹೊಳೆಯ ಬಾಯಲ್ಲಿ ಒಂಬತ್ತೂವರೆ ಬೀಳುತ್ತಿತ್ತು.

"ಮಳೆ ಬಿದ್ದದ್ದು ಹತ್ತು ಪಾಲು. ಅಂಗಳದ ಕಲ್ಲುಬಾನಿ ನೋಡಿ ಗೆರೆ ಹಾಕಿದ್ದೀನಿ," ಎಂದಳು ಮಂಚವ್ವ. "ಕೆರೆಗೆ ಬಂದದ್ದು ನಾಲ್ಕು. ಮಿಕ್ಕದ್ದನ್ನ ಆತ ದಾರೀಲೇ ಯಾರಿಗೋ ತಿರುಗಿಸಿದ್ದಾನೆ. ಇಲ್ಲದಿದ್ದರೆ ನೀರಿಗೇನು ರೆಕ್ಕೆ ಬಂತಾ?"

ಆ ಹೊತ್ತಿಗೆ ದೊಡ್ಡೀರಯ್ಯನೇ ಬಂದು ಬೇಲಿಯಾಚೆ ನಿಂತ. ಕೋಲಿಲ್ಲದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಮಂಚವ್ವ, ಕೋಲು ಹೋದ್ರೆ ಹೋಗ್ಲಿ. ಕಳ್ಳ ಅಂತ ಮಾತ್ರ ಅನ್ನಿಸಬ್ಯಾಡ. ಆ ಹೆಸರು ಹೊತ್ಕಂಡು ಅದೇ ಏರಿ ಮೇಲೆ ಹೆಂಗೆ ನಡೀಲಿ?"

"ನಾನು ಅನ್ನೋದಲ್ಲ, ಮಣ್ಣು ಅನ್ನುತ್ತೆ. ಬಂದು ನೋಡು."

ಅವನು ಬಂದು ಜಗಲಿಯ ಮುಂದೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇದು ನಮ್ಮ ಗುಡ್ಡಾನಾ? ಮಂಡೆ ಬೋಳಿಸ್ದಂಗದೆ. ಮೈಗೇನು ಬಳ್ದಿದ್ದೀಯ?"

"ಎಣ್ಣೆ. ಬಳೀದಿದ್ರೆ ಮಣ್ಣೇ ನೀರು ಕುಡಿದುಬಿಡುತ್ತೆ."

"ಸೂರಿನಡಿ ಯಾಕಿಟ್ಟಿದ್ದೀಯ?"

"ಬಿಸಿಲಿಗೆ ಬಿರುಕು ಬಿಡುತ್ತೆ."

ತೋಪಿನವ್ವ ನೆರಳಿನಿಂದಲೇ ನಕ್ಕಳು. "ಬಿಸಿಲೂ ಇಲ್ಲ, ಬಾಯಾರಿಕೆಯೂ ಇಲ್ಲ. ಅಂಥ ಗುಡ್ಡದಲ್ಲಿ ಒಂದು ಗುಡಿಸಲು ಹಾಕಿಕೊಡು ನನಗೆ."

"ನಗಬೇಡಿ ಅವ್ವ."

"ಸೀರೆ ತಂದೆಯಾ?"

ಮಂಚವ್ವ ಗೊಣಗಿಕೊಂಡು ಹೋಗಿ ತಂದಳು.

"ಬೆಳಿಗ್ಗೆ ಹರವಿದಾಗ ಹೆಂಗಿತ್ತು?"

"ಎತ್ತಿದರೆ ರಟ್ಟೆ ಬಿದ್ದುಹೋಗೋ ಹಾಗೆ."

"ಈಗ?"

"ಹಗುರ."

"ಆ ನೀರು ತಿರುಗಿಸಿಕೊಂಡೋರು ಯಾರು? ದೊಡ್ಡೀರಯ್ಯ, ನೀನೇನಾದ್ರೂ ಹಗ್ಗದ ಹತ್ರ ಸುಳಿದಿದ್ದೆಯಾ?"

ಅವನಿಗೆ ನಗುವೂ ಬಂತು, ಅಳುವೂ ಬಂತು.

"ಸೀರೆ ಬೇರೆ, ಗುಡ್ಡ ಬೇರೆ," ಎಂದಳು ಮಂಚವ್ವ. "ನೆಲಕ್ಕಿಳಿದ ನೀರು ಹಗ್ಗದ ಮೇಲೆ ನೇತಾಡಲ್ಲ."

ತೋಪಿನವ್ವ ವಾದ ಮಾಡಲಿಲ್ಲ. ಒಳಗೆ ಹೋಗಿ ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿ ತಂದಳು. ಬಿಸಿಲಲ್ಲಿದ್ದ ಗರಿಕೆಯ ಮೇಲೆ ಅದನ್ನು ಬೋರಲು ಹಾಕಿದಳು. ಮತ್ತೆ ಹೊಂಗೆಯ ಬುಡಕ್ಕೆ ಒರಗಿದಳು.

"ಏನು ಮಾಡಬೇಕು?"

"ಸುಮ್ಮನೆ ಕೂರು."

ಮೂವರೂ ಕೂತರು. ಹೊಳೆಯ ಸದ್ದು ದೂರದಲ್ಲಿ ಯಾರೋ ಜೋಗುಳ ಮರೆತು ಬರೀ ರಾಗ ಎಳೆಯುತ್ತಿರುವಂತೆ ಕೇಳುತ್ತಿತ್ತು. ಎಲೆಗಳ ನಡುವಿನ ಬಿಸಿಲು ಮೈಮೇಲೆ ನಿಧಾನವಾಗಿ ಹರಿದಾಡಿತು. ಮಂಚವ್ವನ ಕಣ್ಣು ಎಳೆಯಿತು.

ಕಣ್ಣು ಬಿಟ್ಟಾಗ ಭರಣಿ ಬೆಳ್ಳಗಾಗಿತ್ತು. ಒಳಗಿನ ಹುಲ್ಲು ಕಾಣುತ್ತಿರಲಿಲ್ಲ. ಗಾಜಿನ ಒಳಮೈಯಲ್ಲಿ ಹನಿಗಳು ಒಂದನ್ನೊಂದು ಹುಡುಕಿ ಕೂಡಿಕೊಂಡು ಇಳಿಯುತ್ತಿದ್ದವು.

ಅವಳು ಆಚೆಯ ಗರಿಕೆಯನ್ನು ಮುಟ್ಟಿ ನೋಡಿದಳು. ಒಣಗಿತ್ತು. ಬೆಳಗಿನ ಇಬ್ಬನಿ ಆಗಲೇ ಆರಿಹೋಗಿತ್ತು.

"ಇದು ಎಲ್ಲಿಂದ ಬಂತು?"

"ಬೇರನ್ನ ಕೇಳು."

ಮಂಚವ್ವ ತಲೆಯೆತ್ತಿದಳು. ಗುಡ್ಡದ ತುಂಬ ಮರಗಳು. ಅವುಗಳ ಮೇಲೆ ಗಾಳಿ ತೆಳ್ಳಗೆ ಕದಲುತ್ತಿತ್ತು. ಒಂದು ಹೊಳೆ ಕೆಳಕ್ಕೆ ಹರಿಯುವಾಗ ಇನ್ನೊಂದು ಹೊಳೆ ಸದ್ದಿಲ್ಲದೆ, ಬಣ್ಣವಿಲ್ಲದೆ, ಲಕ್ಷಾಂತರ ಎಲೆಗಳಿಂದ ಮೇಲಕ್ಕೆ ಹರಿಯುತ್ತಿತ್ತು. ಇಷ್ಟು ವರ್ಷ ಅವಳು ಅದರ ದಡದಲ್ಲೇ ಇದ್ದಳು.

"ಮನೆಗೆ ಹೋಗು, ದೊಡ್ಡೀರಯ್ಯ," ಎಂದಳು. ಅವನ ಮುಖ ನೋಡುವುದಕ್ಕೆ ಅವಳಿಗೆ ಆಗಲಿಲ್ಲ.

ಅವನು ಹೋದಮೇಲೆ ಮಣ್ಣಿನ ಗುಡ್ಡವನ್ನು ಅಂಗಳಕ್ಕೆ ಎಳೆದಳು. ಎಣ್ಣೆಯ ಮೈಯನ್ನು ಕೆರೆದಳು. ಮೇಲೆ ಸಡಿಲ ಮಣ್ಣು ಹರಡಿ, ಗರಿಕೆಯನ್ನು ಬೇರುಸಮೇತ ತಂದು ಹೊದಿಸಿದಳು. ದಿನಕ್ಕೊಂದು ಚೊಂಬಿನಂತೆ ಹತ್ತು ದಿನ ನೀರು ಸುರಿದಳು. ಮೊದಲ ದಿನಗಳಲ್ಲಿ ಹೊಳೆಯ ಬಾಯಲ್ಲಿ ಹನಿಯೂ ಬೀಳಲಿಲ್ಲ. ಆಮೇಲೆ ತೊಟ್ಟಿಕ್ಕಿತು. ಆಮೇಲೆ ಸಣ್ಣಗೆ ಹರಿಯಿತು.

ಹತ್ತನೆಯ ದಿನ ಎಲ್ಲ ಕೂಡಿಸಿ ಅಳೆದಳು. ನಾಲ್ಕು ಚೊಂಬು, ಮೇಲೊಂದು ಬೊಗಸೆ.

ಹುಣ್ಣಿಮೆಯ ಮಧ್ಯಾಹ್ನ ಏರಿಗೆ ಹೋದವಳು ಇಳಿಹೊತ್ತಿಗೆ ಹಿಂದಿರುಗಿದಳು. ತೋಪಿನವ್ವ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

"ಹೇಳಿದೆಯಾ?"

"ಹೇಳಿದೆ. ಕಳ್ಳ ಅಲ್ಲ ಅಂದೆ. ತಪ್ಪು ಲೆಕ್ಕ ಮಾಡಿದ್ದು ನಾನು ಅಂತಲೂ ಅಂದೆ."

"ನಂಬಿದರಾ?"

"ನಂಬಿದರು. ಕೋಲು ವಾಪಸ್ ಕೊಟ್ಟರು."

"ಮತ್ಯಾಕೆ ಮುಖ ಹಿಂಗದೆ?"

ಮಂಚವ್ವ ಪಕ್ಕದಲ್ಲಿ ಕುಸಿದು ಕೂತಳು.

"ನೀರೆಲ್ಲಿ ಹೋಯ್ತು ಅಂದರು. ಹತ್ತರಲ್ಲಿ ಆರು ಪಾಲು ಬಿಸಿಲಿಗೆ, ಗಿಡಮರಕ್ಕೆ ಅಂದೆ. ಬಿಸಿಲನ್ನಂತೂ ಕಡಿಯೋಕಾಗಲ್ಲ, ಮರ ಕಡಿಯೋಣ ಅಂತ ಎದ್ದೇಬಿಟ್ಟರು. ನಾಳೆ ಬೆಳಿಗ್ಗೆ ಕೊಡಲಿ ತಗೊಂಡು ಗುಡ್ಡ ಹತ್ತುತ್ತಾರಂತೆ."

"ದೊಡ್ಡೀರಯ್ಯ ಏನಂದ?"

"ಕೋಲು ಇಸಕೊಂಡು ಸೀದಾ ಹೋಗಿ ಗುಡ್ಡದ ಹಾದಿಗೆ ಅಡ್ಡ ಕೂತ. ಪಾಲು ಹಾಕೋನು ನಾನು, ಮರಗಳ ಪಾಲಿಗೆ ಕೈ ಹಾಕಿದರೆ ನೀವೇ ಕಳ್ಳರು ಅಂತಾನೆ. ಒಬ್ಬನೇ ಕೂತಿದ್ದಾನೆ."

"ನೀನು?"

"ನಾನೂ ಹೋಗಿ ಕೂರ್ತೀನಿ. ಆದರೆ ಅವರು ಬಂದು ಕೇಳಿದರೆ ಏನು ಹೇಳಲಿ ಅವ್ವ? ಲೆಕ್ಕ ಸುಳ್ಳಲ್ಲವಲ್ಲ. ಮರಗಳನ್ನ ಕಳೆದರೆ ಹೊಳೆಗೆ ನೀರು ಹೆಚ್ಚೋದು ನಿಜ."

ತೋಪಿನವ್ವ ಬೊಗಸೆಯಲ್ಲಿ ನೀರೆತ್ತಿ ಕುಡಿದಳು. ಒದ್ದೆ ಕೈಯನ್ನು ಮಂಚವ್ವನ ಭುಜದ ಮೇಲಿಟ್ಟು ಒಂದು ಮಾತು ಕೇಳಿದಳು. ಮಂಚವ್ವ ಎದ್ದಳು. ಗುಡ್ಡದ ಹಾದಿಯುದ್ದಕ್ಕೂ ಅದನ್ನೇ ಅಂದುಕೊಂಡು ನಡೆದಳು. ದೊಡ್ಡೀರಯ್ಯನ ಪಕ್ಕ ಹೋಗಿ ಕೂತಳು.

ತೋಪಿನವ್ವ ಕೇಳಿದ್ದು ಇಷ್ಟೇ:

"ಕುಡಿಯೋರನ್ನೆಲ್ಲ ಕಳೆದುಬಿಟ್ಟ ಮೇಲೆ ಈ ಹೊಳೆ ಯಾರಿಗೋಸ್ಕರ ಹರೀಬೇಕು, ಮಂಚವ್ವ?"